ಬಾಯಲ್ಲೇ ಪರೀಕ್ಷಿಸಿ ನೋಡಿ: ಅಲ್ಟ್ರಾಸೌಂಡ್ ಬ್ರಷ್ಷಿನ ಬಗ್ಗೆ ಎಂಡಿಎಸ್ ವಿದ್ಯಾರ್ಥಿಗಳಿಗೊಂದು ಬಹಿರಂಗ ಪತ್ರ

ಕರ್ನಾಟಕದ ದಂತ ವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳೇ,

ಸಿನಾಪ್ಸಿಸ್ ಕೊಡುವ ಕಾಲ ಹತ್ತಿರವಾದಾಗ ನಿಮ್ಮ ಹಾಸ್ಟೆಲುಗಳಲ್ಲಿ ನಡೆಯುವ ಚರ್ಚೆ ನನಗೆ ಗೊತ್ತು. ಯಾವ ವಿಷಯ ಹಿಡಿದರೆ ಗೈಡ್ ಒಪ್ಪುತ್ತಾರೆ, ಯಾವುದಕ್ಕೆ ಎಥಿಕ್ಸ್ ಕಮಿಟಿ ತಕರಾರು ತೆಗೆಯುವುದಿಲ್ಲ, ಯಾವುದು ಕೋರ್ಸಿನೊಳಗೆ ಮುಗಿದೀತು ಎಂಬ ಲೆಕ್ಕಾಚಾರ. ಆ ಚರ್ಚೆಯ ನಡುವೆ ಒಂದು ಪ್ರಶ್ನೆ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಬ್ರಷ್ಷಿನ ಎಳೆ ಮುಟ್ಟದ ಜಾಗದ ಪಾಚಿಯನ್ನು (ಪ್ಲಾಕ್) ಅಲ್ಟ್ರಾಸೌಂಡ್ ಅಲೆ ನಿಜಕ್ಕೂ ಎಬ್ಬಿಸುತ್ತದೆಯೇ? ಗಾಜಿನ ತಟ್ಟೆಯಲ್ಲಲ್ಲ, ಉಗುಳು ನೊರೆ ನಾಲಿಗೆ ಎಲ್ಲ ಇರುವ ಮನುಷ್ಯರ ಬಾಯಲ್ಲಿ? ಈ ಪ್ರಶ್ನೆಗೆ ಮೂವತ್ತು ವರ್ಷಗಳಿಂದ ಗಟ್ಟಿ ಉತ್ತರ ಬಂದಿಲ್ಲ. ಉತ್ತರ ಕಂಡುಕೊಳ್ಳಲು ಬೇಕಾದ ಕುರ್ಚಿ, ರೋಗಿ, ಸಮಯ, ಪಕ್ಕದ ಭೌತಶಾಸ್ತ್ರ ವಿಭಾಗ ಎಲ್ಲವೂ ನಿಮಗೆ ಕೈಯಳತೆಯಲ್ಲಿವೆ.

ನಾನು ವಸಡಿನ ವಿಭಾಗದಲ್ಲಿ ಕಲಿತವಳು. ಈಗ ಕ್ಲಿನಿಕ್ ಜೊತೆಗೆ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಬಾಯಿ ನೋಡುತ್ತೇನೆ. ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿದವರು, ಪಾರ್ಕಿನ್ಸನ್‌ನಿಂದ ಕೈ ನಡುಗುವವರು, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು, ಮರೆವಿನ ಕಾಯಿಲೆಯಿಂದ ಬ್ರಷ್ಷನ್ನೇ ಕಚ್ಚಿ ಹಿಡಿದುಬಿಡುವ ಅಜ್ಜಿಯರು. ಇವರ ಬಾಯಿ ತೊಳೆಯುವ ಕೆಲಸ ಸಾಮಾನ್ಯವಾಗಿ ಸೊಸೆಯದ್ದೋ ಮಗಳದ್ದೋ ಹೋಮ್ ನರ್ಸಿನದ್ದೋ ಆಗಿರುತ್ತದೆ. ಅವರು ಮೊಬೈಲಿನಲ್ಲಿ ಜಾಹೀರಾತು ತೋರಿಸಿ ಕೇಳುತ್ತಾರೆ: "ಡಾಕ್ಟ್ರೇ, ಇದು ತಿಕ್ಕೋದೇ ಬೇಡವಂತೆ, ಸುಮ್ನೆ ಹಲ್ಲಿಗೆ ಹಿಡಿದ್ರೆ ಸಾಕಂತೆ. ಮಾವನಿಗೆ ತರಿಸ್ಲಾ?" ಆ ಪ್ರಶ್ನೆಯಲ್ಲಿರುವ ಆಸೆ ಎಷ್ಟು ದೊಡ್ಡದೆಂದು ಅವರ ಮುಖ ನೋಡಿದರೆ ತಿಳಿಯುತ್ತದೆ. ತಿಕ್ಕದೆ, ನೋಯಿಸದೆ, ಕೆಮ್ಮಿಸದೆ ಬಾಯಿ ಸ್ವಚ್ಛವಾದರೆ ಆ ಮನೆಯ ಬೆಳಗಿನ ಅರ್ಧ ಗಂಟೆಯ ಕಷ್ಟ ಕಳೆಯುತ್ತದೆ. ಹೌದು ಎನ್ನಲೂ ಇಲ್ಲ ಎನ್ನಲೂ ನನಗೆ ಸಾಕಷ್ಟು ಆಧಾರವಿಲ್ಲ. ಅದು ನನ್ನೊಬ್ಬಳ ಕೊರತೆಯಲ್ಲ, ನಮ್ಮ ಶಾಸ್ತ್ರದ ಕೊರತೆ. ಅದನ್ನು ತುಂಬುವಂತೆ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು ಪೆಟ್ಟಿಗೆಯ ಮೇಲಿನ ಅಂಕಿಯನ್ನು ನೋಡೋಣ. "ಅಲ್ಟ್ರಾಸಾನಿಕ್" ಎಂದು ದೊಡ್ಡಕ್ಷರದಲ್ಲಿ ಬರೆದು, ಕೆಳಗೆ "ನಿಮಿಷಕ್ಕೆ 40,000 ಕಂಪನ" ಎಂದು ಹಾಕಿದ ಬ್ರಷ್ಷುಗಳು ಆನ್‌ಲೈನ್ ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ಮನುಷ್ಯನ ಕಿವಿಗೆ ಕೇಳುವ ಶಬ್ದದ ಮೇಲಿನ ಅಂಚು ಸೆಕೆಂಡಿಗೆ ಸುಮಾರು 20,000 ಕಂಪನ. ಅದರಾಚೆಯದ್ದು ಅಲ್ಟ್ರಾಸೌಂಡ್. ಆ ಅಂಚನ್ನು ನಿಮಿಷದ ಲೆಕ್ಕಕ್ಕೆ ತಂದರೆ 12 ಲಕ್ಷ ಕಂಪನವಾಗುತ್ತದೆ. ಅಂದರೆ ನಿಮಿಷಕ್ಕೆ 40,000 ಎಂದು ಬರೆದ ಬ್ರಷ್ಷು ಸೆಕೆಂಡಿಗೆ ಏಳುನೂರನ್ನೂ ಮುಟ್ಟುವುದಿಲ್ಲ. ಅದರ ಗುಂಯ್‌ಗುಡುವಿಕೆ ಪಕ್ಕದ ಕೋಣೆಗೂ ಕೇಳುತ್ತದೆ, ಕೇಳುವ ಶಬ್ದ ಅಲ್ಟ್ರಾಸೌಂಡ್ ಆಗಲು ಸಾಧ್ಯವಿಲ್ಲ. ಅದು ಸಾನಿಕ್ ಬ್ರಷ್ಷು, ಒಳ್ಳೆಯ ಸಾನಿಕ್ ಬ್ರಷ್ಷೂ ಇರಬಹುದು, ಆದರೆ ಹೆಸರು ಸುಳ್ಳು. ಈ ಭಾಗಾಕಾರವನ್ನು ಒಪಿಡಿಗೆ ಬರುವ ಪ್ರತಿಯೊಬ್ಬ ರೋಗಿಗೂ ಕಲಿಸಿಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೂ ಮತ್ತೆ ಮಾಡಿದರೆ 50 ಲಕ್ಷದವರೆಗೂ ದಂಡ ಹಾಕುವ ಅಧಿಕಾರ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ದೂರು ಕೊಡುವವರು ಬೇಕು. ಹಲ್ಲಿನ ವಿಷಯದಲ್ಲಿ ನಾವಲ್ಲದೆ ಇನ್ನಾರು ಕೊಡಬೇಕು?

ಇನ್ನು ನಿಜವಾದ ವಿಜ್ಞಾನಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪ್ರಬಂಧದ ಬೇರು ಇರುವುದು ಅಲ್ಲಿ.

ವಿದ್ಯುತ್ ಬ್ರಷ್ಷು ಶುರುವಾದದ್ದೇ ಕೈ ಆಡದವರಿಗಾಗಿ. 1954ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಫಿಲಿಪ್ ಗೀ ವೂಗ್ ರೂಪಿಸಿದ ಬ್ರಾಕ್ಸೊಡೆಂಟ್, ಕೈಯ ಚಲನೆ ಕಡಿಮೆಯಾದವರಿಗೂ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಿಗೂ ಎಂದು ಬಂದ ಯಂತ್ರ. ಕಾಲಕ್ರಮೇಣ ಅದು ಸೊಗಸಿನ ಸಾಮಾನಾಯಿತು, ಯಾರಿಗಾಗಿ ಹುಟ್ಟಿತೋ ಅವರು ಹಿಂದೆ ಉಳಿದರು. 1987ರ ಹೊತ್ತಿಗೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರಾದ ಡೇವಿಡ್ ಎಂಗೆಲ್ ಮತ್ತು ರಾಯ್ ಮಾರ್ಟಿನ್, ಡೇವಿಡ್ ಜೂಲಿಯಾನಿ ಎಂಬ ಉದ್ಯಮಿಯೊಂದಿಗೆ ಸೇರಿ ಒಂದು ಹೊಸ ಬಗೆಯ ಬ್ರಷ್ಷಿಗೆ ಕೈ ಹಾಕಿದರು. ವಿದ್ಯುತ್ತಿಗೆ ನಡುಗುವ ಪೀಜೊ ಹರಳಿನಿಂದ ಶುರುವಾದ ಅವರ ಪ್ರಯತ್ನ ಕೊನೆಗೆ ಅಯಸ್ಕಾಂತದಿಂದ ಆಡುವ ಬ್ರಷ್ಷಾಗಿ ನಿಂತಿತು. 1992ರಲ್ಲಿ ಮಾರುಕಟ್ಟೆಗೆ ಬಂದ ಸಾನಿಕೇರ್ ಅದು, 2000ದಲ್ಲಿ ಫಿಲಿಪ್ಸ್ ಅದನ್ನು ಕೊಂಡಿತು. ನಿಮಿಷಕ್ಕೆ 31,000 ಎಳೆತ ಎಂದರೆ ಅತ್ತಿಂದಿತ್ತ ಒಂದು ಸುತ್ತನ್ನು ಒಂದು ಕಂಪನವೆಂದು ಎಣಿಸಿದಾಗ ಸೆಕೆಂಡಿಗೆ ಸುಮಾರು 260. ಹಾರ್ಮೋನಿಯಮ್ಮಿನ ಬಿಳಿ ಒಂದರ ಆಸುಪಾಸಿನ ಸ್ವರ. ಇಷ್ಟು ವೇಗದಲ್ಲಿ ಎಳೆಗಳು ಆಡುವಾಗ ಸುತ್ತಲ ಉಗುಳು-ನೀರು ಜೋರಾಗಿ ಕದಡಿ, ಎಳೆಯ ತುದಿಗಿಂತ ಎರಡು ಮೂರು ಮಿಲಿಮೀಟರ್ ಆಚೆಯ ಬ್ಯಾಕ್ಟೀರಿಯಾವನ್ನೂ ಕೀಳಬಲ್ಲುದೆಂದು ಪ್ರಯೋಗಾಲಯದಲ್ಲಿ ಕಂಡರು. "ಮುಟ್ಟದೆ ತೊಳೆಯುವುದು" ಎಂಬ ಕಲ್ಪನೆಗೆ ಬಲ ಬಂದದ್ದು ಅಲ್ಲಿಂದ.

ಅದೇ 1990ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಬಾಕ್ ಇನ್ನೊಂದು ದಾರಿ ಹಿಡಿದರು. ಬ್ರಷ್ಷಿನ ತಲೆಯಲ್ಲಿ ಪೀಜೊ ಹರಳು ಕೂರಿಸಿ, ಸೆಕೆಂಡಿಗೆ 16 ಲಕ್ಷ ಕಂಪನದ ಅಲೆಯನ್ನು ಹೊರಡಿಸುವ ಅಲ್ಟ್ರಾಸೋನೆಕ್ಸ್ ತಂದರು. ಜರ್ಮನಿಯ ಎಮ್ಮಿ-ಡೆಂಟ್ ಕೂಡ ಇದೇ ಜಾತಿಯದು. ನಿಮಿಷಕ್ಕೆ 9 ಕೋಟಿ 60 ಲಕ್ಷ ಎಂಬ ಅದರ ಅಂಕಿ ನಮ್ಮ ಭಾಗಾಕಾರದಲ್ಲಿ ಸರಿಯಾಗಿ ಕೂರುತ್ತದೆ. ಇದನ್ನು ತಿಕ್ಕುವಂತಿಲ್ಲ, ಅದಕ್ಕೆಂದೇ ಇರುವ ಪೇಸ್ಟು ಹಚ್ಚಿ ಹಲ್ಲಿಗೆ ತಾಗಿಸಿ ಕೆಲವು ಸೆಕೆಂಡು ಹಿಡಿದು ಮುಂದಿನ ಹಲ್ಲಿಗೆ ಸರಿಸಬೇಕು. ಮಾವನಿಗೆ ತರಿಸಲೇ ಎಂದು ಸೊಸೆ ಕೇಳಿದ್ದು ಈ ಜಾತಿಯ ಬ್ರಷ್ಷನ್ನೇ.

ಇಲ್ಲಿ ಜನರ ತಲೆಯಲ್ಲಿ ಒಂದು ಬೆರಕೆ ಆಗುತ್ತದೆ, ನಮ್ಮ ವಿದ್ಯಾರ್ಥಿಗಳ ತಲೆಯಲ್ಲೂ ಆಗುತ್ತದೆ. ಕ್ಲಿನಿಕ್ಕಿನಲ್ಲಿ ಗಾರೆ ತೆಗೆಯುವ ಸ್ಕೇಲರ್ ಅಲ್ಟ್ರಾಸಾನಿಕ್ ಯಂತ್ರವೇ. ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದು ಕಣ್ಣಾರೆ ಕಂಡವರು, ಬ್ರಷ್ಷಿನ ಅಲ್ಟ್ರಾಸೌಂಡೂ ಅದರ ಸಣ್ಣ ತಮ್ಮನೆಂದು ಭಾವಿಸುತ್ತಾರೆ. ಸ್ಕೇಲರಿನ ತುದಿ ಲೋಹದ್ದು, ಸೆಕೆಂಡಿಗೆ 25,000ದಿಂದ 30,000ದ ಆಸುಪಾಸಿನಲ್ಲಿ ಆಡುತ್ತದೆ, ಹಲ್ಲನ್ನು ನೇರವಾಗಿ ಮುಟ್ಟುತ್ತದೆ, ಮೇಲಿಂದ ನೀರು ಸುರಿಯುತ್ತಿರುತ್ತದೆ. ತುದಿಯ ಸುತ್ತ ನೀರಿನಲ್ಲಿ ಗುಳ್ಳೆಗಳು ಹುಟ್ಟಿ ಸಿಡಿಯುವುದು ನಿಜ, ಆದರೆ ಗಟ್ಟಿ ಗಾರೆಯನ್ನು ಕಳಚುವ ಮುಖ್ಯ ಕೆಲಸ ಆ ತುದಿಯ ಪೆಟ್ಟಿನದ್ದೇ. ಬ್ರಷ್ಷಿನ ತಲೆಯ ಹರಳಿನಲ್ಲಿ ಆ ಪೆಟ್ಟಿಲ್ಲ. ಅದರ ಅಲೆಯ ಕಂಪನ ಸ್ಕೇಲರಿಗಿಂತ ಐವತ್ತು ಪಟ್ಟು ಹೆಚ್ಚು, ಬಲ ತೀರಾ ಕಡಿಮೆ. ಅದು ಹೋಲುವುದು ಮೊಣಕಾಲು ನೋವಿಗೆ ಫಿಸಿಯೋಥೆರಪಿಯವರು ಕೊಡುವ ಅಲ್ಟ್ರಾಸೌಂಡನ್ನು. ಆದ್ದರಿಂದ ಸ್ಕೇಲರಿನ ಯಶಸ್ಸನ್ನು ಬ್ರಷ್ಷಿನ ಖಾತೆಗೆ ಜಮಾ ಮಾಡಲಾಗದು. (ಮನೆಯಲ್ಲೇ ಗಾರೆ ಕೆರೆಯಲೆಂದು ಆನ್‌ಲೈನಿನಲ್ಲಿ ಮಾರುವ ಲೋಹದ ತುದಿಯ ಬ್ಯಾಟರಿ ಸಾಧನಗಳನ್ನಂತೂ ಯಾರೂ ಬಾಯಿಗೆ ಹಾಕಬಾರದು. ನೀರಿಲ್ಲದೆ, ಕಾಣದ ಕಡೆ, ಕಲಿಯದ ಕೈಯಿಂದ ಎನಾಮಲ್ಲನ್ನೂ ವಸಡನ್ನೂ ಗೀರುವ ಕೆಲಸ ಅದು. ಈ ಮಾತನ್ನು ರೋಗಿಗಳಿಗೆ ಖಡಾಖಂಡಿತವಾಗಿ ಹೇಳಿ.)

ಹಾಗಾದರೆ ಸೆಕೆಂಡಿಗೆ 16 ಲಕ್ಷ ಬಾರಿ ನಡುಗುವ ಅಲೆ ಪಾಚಿಗೆ ಏನು ಮಾಡಬಲ್ಲುದು? ನೀರಿನಲ್ಲಿ ಅದರ ಅಲೆಯುದ್ದ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ. ಅಂದರೆ ಹಲ್ಲಿನ ಸಂದಿಯ ಅಳತೆಗೆ ಹೊಂದುವ ಅಲೆ, ಕಲ್ಪನೆ ದಡ್ಡತನದ್ದಲ್ಲ. ಪೇಸ್ಟಿನ ಸೂಕ್ಷ್ಮ ಗುಳ್ಳೆಗಳು ಆ ಅಲೆಗೆ ಹಿಗ್ಗಿ ಕುಗ್ಗುತ್ತಾ ತಮ್ಮ ಸುತ್ತ ಸಣ್ಣ ಸುಳಿ ಹುಟ್ಟಿಸುತ್ತವೆ, ಆ ಸುಳಿ ಪಾಚಿಯ ಅಂಟನ್ನು ಸಡಿಲಿಸುತ್ತದೆ ಎಂಬುದು ವಾದ. ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ ಪದರದ ಮೇಲೆ ಇದರ ಪರಿಣಾಮ ಕಂಡಿದ್ದಾರೆ. ತೊಡಕು ಇರುವುದು ಬಾಯೊಳಗೆ. ಬಸುರಿಯ ಸ್ಕ್ಯಾನಿಂಗಿಗೆ ಹೋದಾಗ ಹೊಟ್ಟೆಗೆ ತಣ್ಣನೆ ಜೆಲ್ ಹಚ್ಚುತ್ತಾರಲ್ಲ, ಏಕೆ? ಚರ್ಮಕ್ಕೂ ಯಂತ್ರಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಅಲೆಯ ಶೇಕಡಾ 99ಕ್ಕಿಂತ ಹೆಚ್ಚು ಭಾಗ ಅಲ್ಲಿಂದಲೇ ಹಿಂದೆ ಹೊರಳುತ್ತದೆ. ಹಲ್ಲುಜ್ಜುವ ಬಾಯಿಯಲ್ಲಿ ಜೆಲ್ ಇಲ್ಲ, ನೊರೆ ಇದೆ, ನೊರೆಯೆಂದರೆ ಗಾಳಿ. ಗುಳ್ಳೆ ಇಲ್ಲದಿದ್ದರೆ ಅಲೆಗೆ ಕೆಲಸವಿಲ್ಲ, ಗುಳ್ಳೆ ಜಾಸ್ತಿಯಾದರೆ ಅಲೆಗೆ ದಾರಿಯಿಲ್ಲ. ಇದರ ಮೇಲೆ ಕಂಪನ ಏರಿದಷ್ಟೂ ಗುಳ್ಳೆ ಬೆಳೆಯಲು ಸಿಗುವ ಕಾಲ ಕಡಿಮೆಯಾಗುತ್ತದೆ, ಅದನ್ನು ಸಿಡಿಸಲು ಹೆಚ್ಚು ಬಲ ಬೇಕಾಗುತ್ತದೆ. ಮನೆಯಲ್ಲಿ ಬಳಸುವ ಸಾಧನಕ್ಕೆ ಅಷ್ಟು ಬಲ ಕೊಡುವಂತಿಲ್ಲ, ಮೆದು ವಸಡು ಪಕ್ಕದಲ್ಲೇ ಇದೆ.

ಈ ಇಕ್ಕಟ್ಟನ್ನು ಬಿಡಿಸಲು ಹೊರಟ ಒಂದು ಗಂಭೀರ ಪ್ರಯತ್ನದ ಕಥೆಯನ್ನು ನೀವು ಓದಲೇಬೇಕು. ಅದೇ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪಿಯರ್ ಮೌರಾಡ್ ಅವರ ಸಂಶೋಧನೆಯಿಂದ ಹುಟ್ಟಿದ ಅಲ್ಟ್ರಿಯೊ ಬ್ರಷ್ಷು 2007ರಲ್ಲಿ ಬಂತು. ಸಾನಿಕ್ ಎಳೆಗಳು ಗುಳ್ಳೆ ಎಬ್ಬಿಸಬೇಕು, ಮಧ್ಯದ ಮೆದು ತುಂಡೊಂದು ಅಲ್ಟ್ರಾಸೌಂಡನ್ನು ಆ ಗುಳ್ಳೆಗಳಿಗೆ ತಲುಪಿಸಬೇಕು ಎಂಬ ಜಾಣ ರಚನೆ. ಅದೇ ವರ್ಷ ಪ್ರಾಕ್ಟರ್ ಅಂಡ್ ಗ್ಯಾಂಬಲ್ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಅಲ್ಟ್ರಾಸೌಂಡಿನ ಗುಳ್ಳೆಗಳು ಪಾಚಿ ತೆಗೆಯುತ್ತವೆಂದು ಜಾಹೀರಾತು ಹೇಳುತ್ತದೆ, ಆದರೆ ಮನುಷ್ಯರ ಬಾಯಲ್ಲಿ ಆ ಅಲೆಯದ್ದೇ ಪರಿಣಾಮವೆಂದು ತೋರಿಸಿಲ್ಲ ಎಂಬುದು ಆಕ್ಷೇಪ. 2008ರಲ್ಲಿ ನ್ಯಾಯಾಲಯ ತಾತ್ಕಾಲಿಕ ತಡೆಯಾಜ್ಞೆ ಕೊಡಲು ನಿರಾಕರಿಸಿತು. ದಾವೆ ಹಾಕಿದ ಕಂಪನಿಗೆ ತುಂಬಲಾರದ ನಷ್ಟವಾಗುತ್ತದೆಂದು ಅದಕ್ಕೆ ಮನವರಿಕೆಯಾಗಲಿಲ್ಲ. ಇಬ್ಬರು ವ್ಯಾಪಾರಿಗಳ ನಡುವಿನ ಜಗಳ ಅದು, ವಿಜ್ಞಾನದ ತೀರ್ಪಲ್ಲ. ಆದರೂ ಅಲ್ಲಿ ಎದ್ದ ಪ್ರಶ್ನೆ ಸರಿಯಾದ ಪ್ರಶ್ನೆ: ಎಳೆಗಳೂ ಆಡುತ್ತವೆ, ಅಲೆಯೂ ಹೊರಡುತ್ತದೆ, ಪಾಚಿ ಹೋದರೆ ಕೀರ್ತಿ ಯಾರಿಗೆ? ತಾನು ಮಾರುವ ಬ್ರಷ್ಷಿನ ಬಗ್ಗೆ ಇದನ್ನು ಕೇಳಲು ಯಾವ ಕಂಪನಿಗೂ ಒತ್ತಾಸೆ ಇರುವುದಿಲ್ಲ. ಇಡೀ ಬ್ರಷ್ಷನ್ನು ಸಾಧಾರಣ ಬ್ರಷ್ಷಿಗೆ ಹೋಲಿಸಿ ಗೆದ್ದರೆ ಅವರಿಗೆ ಸಾಕು.

ಸಾಧಾರಣ ಬ್ರಷ್ಷಿಗೂ ವಿದ್ಯುತ್ ಬ್ರಷ್ಷಿಗೂ ಇರುವ ಅಂತರದ ಬಗ್ಗೆ ನಮ್ಮ ಬಳಿ ಇರುವ ಅತಿ ದೊಡ್ಡ ಸಾಕ್ಷ್ಯ 2014ರ ಕಾಕ್ರೇನ್ ಪರಾಮರ್ಶೆ. 56 ಪ್ರಯೋಗಗಳು, 5,068 ಜನ. ವಿದ್ಯುತ್ ಬ್ರಷ್ಷು ಬಳಸಿದವರಲ್ಲಿ ಮೂರು ತಿಂಗಳೊಳಗೆ ಪಾಚಿ ಶೇಕಡಾ 11ರಷ್ಟು, ಮೂರು ತಿಂಗಳ ಆಚೆ 21ರಷ್ಟು ಕಡಿಮೆಯಿತ್ತು. ವಸಡಿನ ಉರಿಯೂತ 6ರಷ್ಟು, ನಂತರ 11ರಷ್ಟು ಕಡಿಮೆ. ಇಷ್ಟು ಇಳಿತದಿಂದ ರೋಗಿಗೆ ನಿಜವಾಗಿ ಏನು ಸಿಗುತ್ತದೆಂಬುದು ಸ್ಪಷ್ಟವಿಲ್ಲ ಎಂದೂ ಆ ಪರಾಮರ್ಶಕರು ಪ್ರಾಮಾಣಿಕವಾಗಿ ಬರೆದಿದ್ದಾರೆ. ಮುಖ್ಯ ಸಂಗತಿ ಇದು: ಆ ಸಾಕ್ಷ್ಯದ ದೊಡ್ಡ ಪಾಲು ಅತ್ತಿತ್ತ ತಿರುಗುವ ದುಂಡು ತಲೆಯ ಬ್ರಷ್ಷಿನದ್ದು. ಅಲ್ಟ್ರಾಸೌಂಡ್ ಬ್ರಷ್ಷಿನ ಪಾಲಿಗೆ ಬಂದ ಪ್ರಯೋಗಗಳು ಕೆಲವೇ ಕೆಲವು. ಆ ಕೆಲವನ್ನು ನೆಚ್ಚಿಕೊಂಡು ನಾನು ಯಾರ ಮಾವನಿಗೂ ಸಲಹೆ ಕೊಡಲಾರೆ.

ಈಗ ನಿಮ್ಮ ಕೆಲಸದ ಮಾತು. ಈ ಪ್ರಶ್ನೆಯಲ್ಲಿ ಒಂದು ಅಪರೂಪದ ಅನುಕೂಲವಿದೆ, ಅದು ಹೊಳೆದ ದಿನದಿಂದ ಯಾರಾದರೂ ಮಾಡಲಿ ಎಂದು ಚಡಪಡಿಸುತ್ತಿದ್ದೇನೆ. ಬ್ರಷ್ಷುಗಳ ಪ್ರಯೋಗದಲ್ಲಿ ಯಾರ ಕೈಯಲ್ಲಿ ಯಾವುದಿದೆಯೆಂದು ಮುಚ್ಚಿಡುವುದು ಬಹಳ ಕಷ್ಟ. ಕೈಯಲ್ಲಿ ಹಿಡಿದವರಿಗೆ ಗೊತ್ತಾಗಿಯೇ ಆಗುತ್ತದೆ, ಹೊಸ ಯಂತ್ರದ ಹುರುಪಿಗೆ ಅವರು ಚೆನ್ನಾಗಿ ಉಜ್ಜುತ್ತಾರೆ, ಫಲಿತಾಂಶ ಯಂತ್ರದ್ದೋ ಹುರುಪಿನದ್ದೋ ತಿಳಿಯದಾಗುತ್ತದೆ. ಅಲ್ಟ್ರಾಸೌಂಡ್ ಮಾತ್ರ ಕಿವಿಗೆ ಕೇಳುವುದಿಲ್ಲ, ಕೈಗೂ ತಿಳಿಯುವುದಿಲ್ಲ. ಒಂದೇ ಕಂಪನಿಯ ಒಂದೇ ಮಾದರಿಯ ಬ್ರಷ್ಷುಗಳನ್ನು ತಂದು, ಅರ್ಧದಷ್ಟರಲ್ಲಿ ಹರಳಿಗೆ ಹೋಗುವ ತಂತಿಯನ್ನು ಒಬ್ಬ ಎಲೆಕ್ಟ್ರಾನಿಕ್ಸ್ ಬಲ್ಲವರಿಂದ ಕಡಿಸಿ, ಸಂಖ್ಯೆ ಹಾಕಿ ಬೀಗದಲ್ಲಿಡಿ. ಉಳಿದದ್ದೆಲ್ಲ ಮೊದಲಿನಂತೆಯೇ ನಡೆಯಬೇಕು: ದೀಪ ಉರಿಯಬೇಕು, ಎಳೆ ಆಡುವುದಿದ್ದರೆ ಆಡಬೇಕು, ಪೇಸ್ಟು ಒಂದೇ ಇರಬೇಕು. ಬಳಸುವವರಿಗೂ ಗೊತ್ತಾಗದು, ಪಾಚಿ ಅಳೆಯುವ ನಿಮಗೂ ಗೊತ್ತಾಗದು. ತಲೆ ತುಸು ಬೆಚ್ಚಗಾಗಿ ಗುಟ್ಟು ಬಯಲಾಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಪಾಚಿ ಹೋದರೆ ಅದು ಅಲೆಯಿಂದಲೇ ಹೋಯಿತೆಂದು ಆಗ ಧೈರ್ಯವಾಗಿ ಹೇಳಬಹುದು. ಹೋಗದಿದ್ದರೂ ಅಷ್ಟೇ ಧೈರ್ಯವಾಗಿ ಹೇಳಬಹುದು.

ದೊಡ್ಡ ಹಣ ಬೇಕೆಂದು ಹೆದರಬೇಡಿ. 1965ರಲ್ಲಿ ಡೆನ್ಮಾರ್ಕಿನ ಓರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಮಾಡಿದ್ದನ್ನು ನೆನೆಯಿರಿ. ಒಳ್ಳೆಯ ವಸಡಿನ 12 ಜನ, ಅವರಲ್ಲಿ ಹೆಚ್ಚಿನವರು ನಿಮ್ಮಂಥ ವಿದ್ಯಾರ್ಥಿಗಳೇ, ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಕೆಂಪೇರಿತು. ಮತ್ತೆ ಉಜ್ಜತೊಡಗಿದಾಗ ಸರಿಹೋಯಿತು. ವಸಡಿನ ಉರಿಯೂತಕ್ಕೆ ಪಾಚಿಯೇ ಕಾರಣವೆಂದು ನಾವಿಂದು ಪಾಠ ಮಾಡುವುದು ಆ ಹನ್ನೆರಡು ಬಾಯಿಗಳ ಬಲದಿಂದ. ಅವರ ಬಳಿ ಇದ್ದದ್ದು ಕನ್ನಡಿ, ಪ್ರೋಬ್, ಸೂಕ್ಷ್ಮದರ್ಶಕ ಮತ್ತು ಒಂದು ನೇರವಾದ ಪ್ರಶ್ನೆ. ನಿಮ್ಮ ಮೊದಲ ಹಂತವೂ ಹಾಗೇ ಇರಲಿ. ಹಲ್ಲು ಪೂರ್ತಿ ಸ್ವಚ್ಛ ಮಾಡಿ, ಭಾಗವಹಿಸುವವರು ನಾಲ್ಕು ದಿನ ಬೇರೇನೂ ಬಳಸದೆ ಕೊಟ್ಟ ಬ್ರಷ್ಷನ್ನು ತಿಕ್ಕದೆ ಹಿಡಿಯಲಿ. ಐದನೇ ದಿನ ಎರಿತ್ರೋಸಿನ್ ಹಚ್ಚಿ, ಕೆಂಪಾದ ಪಾಚಿಯನ್ನು ಟುರೆಸ್ಕಿ ಸೂಚ್ಯಂಕದಲ್ಲಿ ಅಳೆಯಿರಿ. ಕೆಲವು ದಿನ ಬಿಟ್ಟು ಅದೇ ಜನ ಇನ್ನೊಂದು ಬ್ರಷ್ಷು ಹಿಡಿಯಲಿ. ಸಂದಿಯ ಜಾಗಗಳನ್ನು ಪ್ರತ್ಯೇಕವಾಗಿ ಎಣಿಸುವುದು ಮರೆಯಬೇಡಿ, ಏಕೆಂದರೆ "ಎಳೆ ಮುಟ್ಟದ ಕಡೆ ಅಲೆ ಮುಟ್ಟುತ್ತದೆ" ಎಂಬ ಭರವಸೆ ಸೋಲುವುದೂ ಗೆಲ್ಲುವುದೂ ಅಲ್ಲೇ. ಇಡೀ ಬಾಯಿಯ ಸರಾಸರಿ ತೆಗೆದರೆ ಆ ಸಂದಿಗಳು ಲೆಕ್ಕದಲ್ಲಿ ಕರಗಿಹೋಗುತ್ತವೆ. ಆಮೇಲಿನ ಹಂತಕ್ಕೆ ಕನಿಷ್ಠ ಮೂರು ತಿಂಗಳು ಇಟ್ಟುಕೊಳ್ಳಿ, ವಸಡಿನ ರಕ್ತಸ್ರಾವ ನೋಡಿ.

ಬ್ರಷ್ಷಿನಿಂದ ಹೊರಬರುವ ಅಲೆಯನ್ನೇ ಮೊದಲು ಅಳೆಯಬೇಕು. ಪೆಟ್ಟಿಗೆಯ ಮೇಲೆ 16 ಲಕ್ಷ ಎಂದಿದ್ದರೆ ನಿಜಕ್ಕೂ ಅಷ್ಟು ಬರುತ್ತಿದೆಯೇ, ಬಲವೆಷ್ಟು, ಎಳೆಗಳ ತುದಿ ದಾಟಿ ಎಷ್ಟು ದೂರ ಹೋಗುತ್ತದೆ, ನೊರೆ ತುಂಬಿದಾಗ ಎಷ್ಟು ಉಳಿಯುತ್ತದೆ? ಇದಕ್ಕೆ ಹೈಡ್ರೋಫೋನ್ ಎಂಬ ನೀರೊಳಗಿನ ಮೈಕು ಬೇಕು, ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲಿ ಕೇಳಿ ನೋಡಿ. ಅದು ಸಿಗದಿದ್ದರೂ ದಾರಿಯಿದೆ. 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್, ಅಲ್ಟ್ರಾಸೌಂಡ್ ಹಾಯುತ್ತಿರುವ ದ್ರವದೊಳಗೆ ಬೆಳಕು ಬಿಟ್ಟಾಗ ಅದು ಹಲವು ಕವಲಾಗಿ ಚದುರುವುದೇಕೆಂದು ವಿವರಿಸಿದರು. ಅಲೆ ಬಲವಾದಷ್ಟೂ ಕವಲುಗಳು ಹೆಚ್ಚುತ್ತವೆ, ಅಂದರೆ ಕಿವಿಗೆ ಕೇಳದ್ದನ್ನು ಕಣ್ಣಿಂದ ಅಳೆಯಬಹುದು. ನಮ್ಮ ಬಿಎಸ್ಸಿ, ಎಂಜಿನಿಯರಿಂಗ್ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಾಲಯಗಳಲ್ಲಿ ಇಂದಿಗೂ ಹುಡುಗರು ದ್ರವದಲ್ಲಿ ಶಬ್ದದ ವೇಗ ಕಂಡುಹಿಡಿಯಲು ಇದೇ ಪ್ರಯೋಗ ಮಾಡುತ್ತಾರೆ, ಒಂದೆರಡು ಮೆಗಾಹರ್ಟ್ಸ್‌ನ ಹರಳಿಟ್ಟುಕೊಂಡು. ನಿಮ್ಮ ಬ್ರಷ್ಷನ್ನು ಆ ತೊಟ್ಟಿಯಲ್ಲಿ ಅದ್ದಿ ನೋಡಬಾರದೇಕೆ? ಬೆಂಗಳೂರಿನಲ್ಲಿ ಬೆಳೆದ ವಿದ್ಯೆ ಇಲ್ಲಿನ ಅಜ್ಜಿಯೊಬ್ಬಳ ಬಾಯಿಗೆ ಉಪಯೋಗವಾಗುವುದಾದರೆ ನನಗದು ಬಹಳ ದೊಡ್ಡ ಸಂತೋಷ.

ಹಾಸಿಗೆ ಹಿಡಿದವರ ಬಾಯಿಗೆ ಇಷ್ಟೇಕೆ ಒತ್ತು ಕೊಡುತ್ತೇನೆಂದರೆ, ಅವರ ಪಾಲಿಗೆ ಪಾಚಿ ಬರೀ ಹಲ್ಲಿನ ತೊಂದರೆಯಲ್ಲ. ಬಾಯಿಯ ಬ್ಯಾಕ್ಟೀರಿಯಾ ಉಗುಳಿನ ಜೊತೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟವಾದ ಮೇಲೆ ಆರೈಕೆದಾರರು ಹಲ್ಲುಜ್ಜಿಸಿ ವಾರಕ್ಕೊಮ್ಮೆ ದಂತವೈದ್ಯರು ನೋಡಿಕೊಂಡವರಲ್ಲಿ ಶೇಕಡಾ 11 ಜನರಿಗೆ ನ್ಯುಮೋನಿಯಾ ಬಂತು, ಆ ಆರೈಕೆ ಇಲ್ಲದವರಲ್ಲಿ ಶೇಕಡಾ 19 ಜನರಿಗೆ. ಅಷ್ಟನ್ನು ಮಾಡಿದ್ದು ಕೈಯಲ್ಲಿ ಹಿಡಿದ ಬ್ರಷ್ಷು ಮತ್ತು ಯಾರದ್ದೋ ತಾಳ್ಮೆ. ನಮ್ಮಲ್ಲಿ ಆ ತಾಳ್ಮೆಗೆ ಸಂಬಳವಿಲ್ಲ, ರಜೆಯಿಲ್ಲ. ಬಾಯಿ ತೆರೆಯಲೊಲ್ಲದವರಿಗೆ ದಿನಕ್ಕೆ ಎರಡು ಸಲ ಉಜ್ಜಿಸುವ ಹೆಣ್ಣುಮಗಳ ಬೆರಳಿನ ಮೇಲೆ ಕಚ್ಚಿದ ಗಾಯ ಇರುವುದನ್ನು ನೋಡುತ್ತೇನೆ. ತಿಕ್ಕದೆ ತೊಳೆಯುವ ಸಾಧನ ನಿಜವಾದರೆ ಅದು ಅವಳಿಗೆ ಸಿಗಬೇಕು, ಆಶ್ರಮಗಳಿಗೆ ಸರ್ಕಾರವೇ ಕೊಡಿಸಬೇಕೆಂದು ನಾನು ಅರ್ಜಿ ಹಿಡಿದು ಅಲೆಯುತ್ತೇನೆ. ಕಟ್ಟುಹಲ್ಲಿಗೆ ದಂತಭಾಗ್ಯ ಯೋಜನೆ ತಂದ ರಾಜ್ಯ ಇದು, ಇದ್ದ ಹಲ್ಲನ್ನು ಉಳಿಸಲೂ ಮನಸ್ಸು ಮಾಡೀತು. ಸುಳ್ಳಾದರೆ, ಆಕೆ ಅದನ್ನು ನಂಬಿ ಉಜ್ಜುವುದನ್ನು ಬಿಟ್ಟ ಮೂರು ವಾರದಲ್ಲಿ ಮಾವನ ವಸಡಿನಲ್ಲಿ ರಕ್ತ ಬರುತ್ತದೆ. ಓರ್ಹುಸ್‌ನ ಆರೋಗ್ಯವಂತ ಹುಡುಗರಿಗೇ ಹಾಗಾಗಿತ್ತು.

ಆದ್ದರಿಂದ ಉತ್ತರ ಸಿಗುವ ತನಕ ರೋಗಿಗಳಿಗೆ ಹೇಳುವ ಮಾತಿನಲ್ಲಿ ಎಚ್ಚರವಿರಲಿ. ಕೈ ನೆಟ್ಟಗಿರುವವರಿಗೆ ಮೆದು ಎಳೆಯ ಸಾಧಾರಣ ಬ್ರಷ್ಷು, ಫ್ಲೋರೈಡ್ ಪೇಸ್ಟು, ಎರಡು ನಿಮಿಷ, ಸಂದಿಗೆ ಇಂಟರ್‌ಡೆಂಟಲ್ ಬ್ರಷ್ಷು. ಕೈ ಸೋತವರಿಗೂ ಆರೈಕೆದಾರರಿಗೂ ದಪ್ಪ ಹಿಡಿಯ ವಿದ್ಯುತ್ ಬ್ರಷ್ಷು ಅನುಕೂಲವೇ, ಕೊಳ್ಳುವ ಶಕ್ತಿಯಿದ್ದರೆ ತಿರುಗುವುದನ್ನೋ ಸಾನಿಕ್ ಬ್ರಷ್ಷನ್ನೋ ಕೊಳ್ಳಲಿ. ಅಲ್ಟ್ರಾಸೌಂಡ್ ಬ್ರಷ್ಷು ಆಗಲೇ ತಂದಿದ್ದರೆ ಬಯ್ಯಬೇಡಿ, ಅದನ್ನು ಹಿಡಿದ ಮೇಲೆ ಎಳೆಯಿಂದ ನವಿರಾಗಿ ಉಜ್ಜಲಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಹೃದಯದ ವೈದ್ಯರನ್ನು ಕೇಳದೆ ಬಳಸುವುದು ಬೇಡ. ಗಾರೆ ಕಟ್ಟಿದವರಿಗೆ ಯಾವ ಬ್ರಷ್ಷೂ ಅದನ್ನು ಕೀಳದೆಂದು ತಿಳಿಸಿ ಸ್ಕೇಲಿಂಗಿಗೆ ಕರೆಯಿರಿ. "ಕ್ಲೀನ್ ಮಾಡಿಸಿದ್ರೆ ಹಲ್ಲು ಅಲ್ಲಾಡುತ್ತೆ" ಎಂಬ ಭಯಕ್ಕೆ ಉತ್ತರ ಕೊಡುವ ತಾಳ್ಮೆ ಇರಲಿ: ಮೂಳೆ ಸವೆದ ಹಲ್ಲನ್ನು ಗಾರೆಯೇ ಹಿಡಿದು ನಿಲ್ಲಿಸಿತ್ತು, ತೆಗೆದಾಗ ಮೊದಲೇ ಇದ್ದ ಸಡಿಲು ಬಯಲಾಯಿತು. ಪಾವಗಡ, ಮುಂಡರಗಿ ಕಡೆಯಿಂದ ಬರುವ ಮಕ್ಕಳ ಹಲ್ಲಿನ ಕಂದು ಬಣ್ಣ ಕುಡಿಯುವ ನೀರಿನ ಫ್ಲೋರೈಡಿನದ್ದು, ಎನಾಮಲ್ಲಿನೊಳಗೇ ಇರುವಂಥದ್ದು. "ಅಲ್ಟ್ರಾಸಾನಿಕ್" ನಂಬಿ ಬಡ ಅಪ್ಪ-ಅಮ್ಮ ಅದಕ್ಕಾಗಿ ದುಡ್ಡು ಸುರಿಯುವುದನ್ನು ನಾವು ತಡೆಯಬೇಕು.

ಕೊನೆಗೆ ಕೆಲವು ಕೋರಿಕೆ. ಪ್ರಯೋಗ ಶುರುವಾಗುವ ಮೊದಲೇ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಿಸಿ, ಏನನ್ನು ಅಳೆಯುತ್ತೀರೆಂದು ಮುಂಚೆಯೇ ಬರೆದಿಡಿ. ಬ್ರಷ್ಷುಗಳನ್ನು ಅಂಗಡಿಯಿಂದ ದುಡ್ಡು ಕೊಟ್ಟು ತನ್ನಿ, ಕಂಪನಿಯಿಂದ ಪುಕ್ಕಟೆ ಬೇಡ. ಒಂದೇ ಕಾಲೇಜಿನಲ್ಲಿ ಜನ ಸಾಲದಿದ್ದರೆ ಬೆಂಗಳೂರು, ದಾವಣಗೆರೆ, ಧಾರವಾಡ, ಮಣಿಪಾಲಗಳ ವಸಡಿನ ವಿಭಾಗ ಮತ್ತು ಸಾರ್ವಜನಿಕ ದಂತ ಆರೋಗ್ಯ ವಿಭಾಗಗಳು ಒಂದೇ ವಿಧಾನ ಹಂಚಿಕೊಂಡು ನಾಲ್ಕು ಪ್ರಬಂಧ ಮಾಡಬಹುದು. ವ್ಯತ್ಯಾಸ ಕಾಣಲಿಲ್ಲವೆಂದಾದರೆ ಆ ಪ್ರಬಂಧ ಕಾಲೇಜಿನ ಗ್ರಂಥಾಲಯದ ಬೀರುವಿನಲ್ಲಿ ಕೊಳೆಯಬಾರದು. "ವ್ಯತ್ಯಾಸವಿಲ್ಲ" ಎಂಬ ಫಲಿತಾಂಶಕ್ಕಾಗಿ ಕಾಯುತ್ತಿರುವ ಮನೆಗಳಿವೆ, ಅದರಿಂದ ಅವರ ದುಡ್ಡೂ ಉಳಿಯುತ್ತದೆ, ಹಿರಿಯರ ಹಲ್ಲೂ ಉಳಿಯುತ್ತದೆ. ಕನ್ನಡದಲ್ಲಿ ಒಂದು ಪುಟದ ಸಾರಾಂಶ ಬರೆದು ಒಪಿಡಿಯ ಗೋಡೆಗೆ ಹಚ್ಚಿ.

ಮೊದಲ ಎರಡು ಹಂತ ಮುಗಿದು ಫಲಿತಾಂಶ ಆಶಾದಾಯಕವಾಗಿದ್ದರೆ, ಮನೆಗಳಲ್ಲಿ ನಡೆಸಬೇಕಾದ ಮೂರನೆಯ ಹಂತಕ್ಕೆ ನಾನಿದ್ದೇನೆ. ನಾನು ನೋಡಿಕೊಳ್ಳುವ ಕುಟುಂಬಗಳಲ್ಲಿ ಒಪ್ಪುವವರನ್ನು ಮಾತಾಡಿಸಿ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಪತ್ರವನ್ನು ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಓದಿ ಹೇಳಿ, ನಿಮ್ಮನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ನುಂಗುವ ಶಕ್ತಿ ಕುಂದಿದವರಿಗೆ ನೊರೆಯ ಪೇಸ್ಟು ಎಷ್ಟು ಹಾಕಬೇಕು, ತಲೆಯನ್ನು ಯಾವ ಕೋನದಲ್ಲಿ ಎತ್ತಿ ಹಿಡಿಯಬೇಕು, ಸಕ್ಷನ್ ಇಲ್ಲದ ಮನೆಯಲ್ಲಿ ಬಟ್ಟೆಯಿಂದ ಹೇಗೆ ಒರೆಸಬೇಕು ಎಂಬುದನ್ನು ಅಲ್ಲಿನ ಹೆಂಗಸರೇ ನಿಮಗೆ ಕಲಿಸುತ್ತಾರೆ.

ಇಂತಿ ನಿಮ್ಮ ವೃತ್ತಿಬಂಧು,
ಮನೆಮನೆಗೆ ಹೋಗುವ ಒಬ್ಬ ದಂತವೈದ್ಯೆ